ಗಡ್ಡಪ್ಪನ ನಡಿಗೆ, ಕುರುಬರ ಮಂದೆ

ಬೀದಿ ಬದಿ ಕೂತ ಮುದುಕನೊಬ್ಬ ಹೋಗಿಬರುವವರನ್ನೆಲ್ಲ ಬಾಯ್ತುಂಬ ಬೈಯುತ್ತಾನೆ. ಗಂಡು ಹೆಣ್ಣು, ಚಿಕ್ಕವರು ದೊಡ್ಡವರು ಎಂಬ ಭೇದವಿಲ್ಲ. ಆಮೇಲೆ ಎದ್ದು ಗೋಡೆ ಮರೆಗೆ ಹೋಗಿ ಅಲ್ಲೇ ಕುಸಿದು ಸಾಯುತ್ತಾನೆ. ನೂರೊಂದು ವರ್ಷ ಬಾಳಿದ ಸೆಂಚುರಿ ಗೌಡನ ಸಾವಿನಿಂದ ‘ತಿಥಿ’ ಶುರುವಾಗುತ್ತದೆ. ಆ ಬೈಗುಳಗಳ ಸೊಗಸನ್ನು ಏನೆಂದು ಹೇಳಲಿ! ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಯಾವ ಅರಳಿಕಟ್ಟೆಯಲ್ಲಿ ಕೂತರೂ ಕಿವಿಗೆ ಬೀಳುವ, ಒರಟಾದರೂ ನಂಜಿಲ್ಲದ ಮಾತು ಅದು. ನಮ್ಮ ಸಿನಿಮಾದಲ್ಲಿ ಈ ಮಾತು ಬಹುಕಾಲ ಹಾಸ್ಯನಟನ ಪಾಲಿಗೆ, ಮನೆಯಾಳಿನ ಪಾಲಿಗೆ ಬಿದ್ದಿತ್ತು. ನಾಯಕನಾದವನು ಪುಸ್ತಕದ ಕನ್ನಡ ಆಡುತ್ತಿದ್ದ. ‘ತಿಥಿ’ಯಲ್ಲಿ ಅದು ಯಾರ ಅಪ್ಪಣೆಯನ್ನೂ ಕೇಳದೆ, ಮನೆಯ ಹಿರಿಯನಂತೆ, ಜಗಲಿಯ ನಡುವೆ ಕಾಲು ಚಾಚಿ ಕೂತಿದೆ.

ಈರೇಗೌಡ ಮತ್ತು ರಾಮ್ ರೆಡ್ಡಿ ಕೂಡಿ ಬರೆದು, ರಾಮ್ ರೆಡ್ಡಿ ನಿರ್ದೇಶಿಸಿದ ಚಿತ್ರ. ಚಿತ್ರೀಕರಣ ನಡೆದದ್ದು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ. ನಟಿಸಿದವರು ಕ್ಯಾಮೆರಾ ಕಂಡಿರದ ಹಳ್ಳಿಯ ಜನ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಬಂತು, ಮುಂದೆ ರಾಷ್ಟ್ರಪ್ರಶಸ್ತಿಯೂ ಬಂತು. ಅದಿರಲಿ, ಸೆಂಚುರಿ ಗೌಡನ ಮಗ ಗಡ್ಡಪ್ಪನ ವಿಷಯಕ್ಕೆ ಬರೋಣ.

ಚನ್ನೇಗೌಡರು ಗಡ್ಡಪ್ಪನಾಗಿ ನಡೆಯುವುದನ್ನು ಎಷ್ಟು ಹೊತ್ತು ಬೇಕಾದರೂ ನೋಡಬಲ್ಲೆ. ಬೆಳ್ಳನೆಯ ನೀಳ ಗಡ್ಡ, ಬೆರಳ ಸಂದಿಯಲ್ಲಿ ಬೀಡಿ, ಜೇಬಿನಲ್ಲಿ ಅಗ್ಗದ ಬ್ರಾಂದಿ. ಅವಸರವೆಂಬುದೇ ಇಲ್ಲ. ಹೆಜ್ಜೆ ಎತ್ತುತ್ತಾನೆ, ಹೆಜ್ಜೆ ಇಡುತ್ತಾನೆ, ನೆಲಕ್ಕೆ ತನ್ನ ಭಾರವೂ ತಿಳಿಯಬಾರದು ಎಂಬಷ್ಟು ಹಗುರಾಗಿ. ಅಪ್ಪ ಸತ್ತ ಸುದ್ದಿಯೂ ಆ ನಡಿಗೆಯನ್ನು ಅಲುಗಿಸುವುದಿಲ್ಲ. ಅಪ್ಪ ಬಿಟ್ಟುಹೋದ ಐದು ಎಕರೆ ಅವನಿಗೆ ಬೇಡ. ಬೇಕಾಗಿರುವುದು ಮಗ ತಮ್ಮಣ್ಣನಿಗೆ. ಬದುಕಿರುವ ತಂದೆ ಸತ್ತನೆಂದು ಲಂಚ ಕೊಟ್ಟು ಮರಣಪತ್ರ ಮಾಡಿಸಿ, ಬಡ್ಡಿಗೆ ಸಾಲ ತಂದು, ಅಪ್ಪನನ್ನು ಊರು ಬಿಡಿಸಲು ಹೆಣಗುತ್ತಾನೆ.

ಇಲ್ಲಿ ನನಗೆ ‘ಚೋಮನ ದುಡಿ’ ನೆನಪಾಗದೆ ಇರುವುದಿಲ್ಲ. ಬಿ.ವಿ. ಕಾರಂತರು 1975ರಲ್ಲಿ ಶಿವರಾಮ ಕಾರಂತರ ಕಾದಂಬರಿಯಿಂದ ಕಡೆದ ಚಿತ್ರ. ಚೋಮನಿಗೆ ಎತ್ತುಗಳಿವೆ, ರಟ್ಟೆಯಲ್ಲಿ ಕಸುವಿದೆ, ಉಳುವ ಆಸೆ ಉಸಿರಿನಷ್ಟು ಗಟ್ಟಿ. ಅಸ್ಪೃಶ್ಯನೆಂಬ ಒಂದೇ ಕಾರಣಕ್ಕೆ ನೆಲವಿಲ್ಲ. ಆ ಸಿಟ್ಟು, ಆ ಅವಮಾನ, ಬಾಯಿಗೆ ಬಾರದ ಆ ಸಂಕಟವೆಲ್ಲ ಎಂ.ವಿ. ವಾಸುದೇವರಾವ್ ಅವರ ಕೈಯಿಂದ ದುಡಿಯ ಚರ್ಮಕ್ಕೆ ಇಳಿಯುತ್ತದೆ. ರಾಷ್ಟ್ರದ ಶ್ರೇಷ್ಠ ನಟ ಪ್ರಶಸ್ತಿ ಆ ಅಭಿನಯಕ್ಕೆ ಸಂದಿತು, ಸಲ್ಲಲೇಬೇಕಿತ್ತು. ಚೋಮ ಸಾಯುವವರೆಗೂ ಹಂಬಲಿಸಿದ್ದನ್ನು ಗಡ್ಡಪ್ಪ ಕೊಡವಿ ಎದ್ದುಹೋಗಬಲ್ಲ. ಏಕೆಂದರೆ ಅವನು ಗೌಡರ ಮನೆಯಲ್ಲಿ ಹುಟ್ಟಿದವನು. ಬಿಟ್ಟುಕೊಡಲು ಮೊದಲು ಇರಬೇಕಲ್ಲ! ಎರಡನ್ನೂ ಒಂದಾದ ಮೇಲೊಂದು ನೋಡಿದರೆ ಜಾತಿ ಎಂಬುದು ಮಣ್ಣಿನೊಳಗೆ ಎಷ್ಟು ಆಳಕ್ಕೆ ಬೇರು ಬಿಟ್ಟಿದೆಯೆಂದು ಕಾಣುತ್ತದೆ.

ಊರು ಬಿಟ್ಟ ಗಡ್ಡಪ್ಪ ಹೋಗಿ ಸೇರುವುದು ಅಲೆಮಾರಿ ಕುರುಬರನ್ನು. ನಮ್ಮ ಸೀಮೆಯವರಿಗೆ ಈ ಬಿಡಾರಗಳು ಹೊಸದಲ್ಲ. ಕೊಯ್ಲು ಮುಗಿದ ಹೊಲಗಳಲ್ಲಿ ಮಂದೆ ತರುಬುತ್ತಾರೆ. ಹಿಕ್ಕೆ ಗೊಬ್ಬರ ಹೊಲಕ್ಕಾಗುತ್ತದೆ, ಕುರುಬರಿಗೆ ಕಾಳೋ ಕಾಸೋ ಸಿಗುತ್ತದೆ. ಮತ್ತೆ ಮುಂದಿನ ಊರು. ಹೊಲಕ್ಕೆ ಬೇಕಾದವರು, ಊರಿಗೆ ಮಾತ್ರ ಹೊರಗಿನವರು. ಆ ಬಿಡಾರದಲ್ಲಿ ಗಡ್ಡಪ್ಪ ತನ್ನ ಕತೆ ಹೇಳುತ್ತಾನೆ. ತನ್ನ ಹೆಂಡತಿ, ತನ್ನ ಅಪ್ಪ, ಅವರಿಬ್ಬರ ನಡುವೆ ನಡೆದದ್ದು. ದನಿ ಏರುವುದಿಲ್ಲ, ಕಣ್ಣು ತುಂಬುವುದಿಲ್ಲ. ಮಳೆ ಬೆಳೆಯ ಸುದ್ದಿ ಹೇಳುವ ಹದದಲ್ಲೇ, ಒಂದೊಂದೇ ಮಾತಾಗಿ, ಆ ಮನೆಯ ಅಷ್ಟೂ ವರ್ಷಗಳ ನೋವು ಹೊರಬರುತ್ತದೆ. ನಟನೆ ಕಲಿತವರಿಗೂ ಸುಲಭಕ್ಕೆ ಒಲಿಯದ ಸಂಯಮ ಅದು. ತನ್ನ ಕರುಳಬಳ್ಳಿಗೆ ಒಮ್ಮೆಯೂ ಹೇಳದ್ದನ್ನು ಅವನು ನಾಳೆ ಗುಡಾರ ಕಿತ್ತು ಹೋಗುವ ಜನಕ್ಕೆ ಹೇಳಿದ. ಇಡೀ ಚಿತ್ರದಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ಗಳಿಗೆ ಇನ್ನೊಂದಿಲ್ಲ.

ಅದೇ ಬಿಡಾರದ ಹುಡುಗಿ ಕಾವೇರಿ. ಗಡ್ಡಪ್ಪನ ಮೊಮ್ಮಗ ಅಭಿ ಅವಳ ಬೆನ್ನು ಬೀಳುತ್ತಾನೆ. ತಿಥಿಯ ಊಟಕ್ಕೆ ಕುರಿ ಬೇಕಾದಾಗ ಅವನ ಕಣ್ಣು ಬೀಳುವುದೂ ಅವಳ ಹಿಂಡಿನ ಮೇಲೆ. ಪೂಜಾ ಈ ಪಾತ್ರವನ್ನು ಎಚ್ಚರದಲ್ಲಿ, ಬಿಗಿಯಾಗಿ ಹಿಡಿದಿದ್ದಾಳೆ. ಸುಳಿವು ಕೊಡದ ನೋಟ, ಕತ್ತರಿಸಿದಂಥ ಉತ್ತರ. ಊರಿನ ಹುಡುಗನಿಗೆ ಪೋಲಿತನವಾಗಿ ಕಾಣುವುದು ನೆಲೆಯಿಲ್ಲದವಳಿಗೆ ಎಂಥ ಇಕ್ಕಟ್ಟೆಂದು ಆ ಮುಖವೇ ತಿಳಿಸುತ್ತದೆ. ಚಿತ್ರ ಅವಳನ್ನು ಸ್ವಲ್ಪ ಬೇಗ ಬಿಟ್ಟುಕೊಟ್ಟಿತು ಎಂಬುದೊಂದೇ ನನ್ನ ತಕರಾರು. ಆ ಮಂದೆ ಮುಂದೆ ಯಾವ ಊರಿನ ಹೊಲಕ್ಕೆ ಹೋಯಿತು, ಅಲ್ಲಿ ಅವಳನ್ನು ಯಾರು ಹೇಗೆ ಮಾತಾಡಿಸಿದರು ಎಂದು ತಿಳಿಯುವ ಆಸೆ ನನಗೆ ಇನ್ನೂ ಇದೆ. ಈರೇಗೌಡರೇ ಅದನ್ನು ಬರೆದರೆ ಚೆನ್ನ.