ಚೂಪು ಕಮಾನು ಯಾರದು?

ಪ್ಯಾರಿಸ್ಸಿನ ನೋತ್ರದಾಮ್ ಚರ್ಚ್ 2019ರ ಎಪ್ರಿಲ್ 15ರಂದು ಹೊತ್ತಿ ಉರಿದಾಗ ಅದು ಫ್ರಾನ್ಸಿನ ಆತ್ಮವೆಂಬ ಮಾತು ಎಲ್ಲೆಡೆ ಕೇಳಿಬಂತು. ಆ ಕಟ್ಟಡದ ಶೈಲಿಯ ಬೇರು ಸಿರಿಯಾದಲ್ಲಿದೆ ಎಂದವರು ಬ್ರಿಟಿಷ್ ಲೇಖಕಿ ಡಯಾನಾ ಡಾರ್ಕ್. ಮರುವರ್ಷ ಅವರ ‘ಸ್ಟೀಲಿಂಗ್ ಫ್ರಮ್ ದಿ ಸಾರಸೆನ್ಸ್’ ಎಂಬ ಪುಸ್ತಕ ಬಂತು. ಮಧ್ಯಯುಗದ ಯುರೋಪು ಮುಸ್ಲಿಮರನ್ನು ಕರೆಯುತ್ತಿದ್ದ ಹೆಸರೇ ಸಾರಸೆನ್. ನಮ್ಮಂತಹ ಓದುಗರಿಗೆ ಇದು ಬಹಳ ಹಿತ ಕೊಡುವ ಪುಸ್ತಕ. ನನ್ನ ತಕರಾರು ಇರುವುದು ಆ ಹಿತದ ಬಗ್ಗೆಯೇ.

ವಾದವೇನೂ ಹೊಸದಲ್ಲ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ಕಟ್ಟಿದ ಕ್ರಿಸ್ಟೋಫರ್ ರೆನ್, ಗಾಥಿಕ್ ಶೈಲಿಯನ್ನು ಸಾರಸೆನ್ ಶೈಲಿ ಎನ್ನುವುದೇ ಸರಿ ಎಂದು ಮುನ್ನೂರು ವರ್ಷಗಳ ಹಿಂದೆಯೇ ಬರೆದಿದ್ದರು. ‘ಗಾಥಿಕ್’ ಎಂಬುದಂತೂ ಬೈಗುಳದಿಂದ ಹುಟ್ಟಿದ ಹೆಸರು. ಪುನರುಜ್ಜೀವನ ಕಾಲದ ಇಟಲಿಯವರಿಗೆ ಈ ಕಟ್ಟಡಗಳು ಗಾಥ್ ಎಂಬ ಅನಾಗರಿಕರ ಕೆಲಸದಂತೆ ಕಂಡವು. ಗಾಥ್ ಜನರಿಗೂ ಇದಕ್ಕೂ ಸಂಬಂಧವೇ ಇಲ್ಲ.

ಅರ್ಧವೃತ್ತದ ಕಮಾನಿನ ಎತ್ತರವನ್ನು ಅದರ ಅಗಲ ನಿರ್ಧರಿಸುತ್ತದೆ. ಚೂಪು ಕಮಾನಿಗೆ ಆ ಕಟ್ಟಿಲ್ಲ. ಅಗಲ ಕಡಿಮೆಯಿದ್ದರೂ ಬೇಕಾದಷ್ಟು ಎತ್ತರಕ್ಕೆ ಒಯ್ಯಬಹುದು, ಗೋಡೆಯನ್ನು ಹೊರಕ್ಕೆ ತಳ್ಳುವ ಒತ್ತಡವೂ ಕಡಿಮೆ. ಕೈರೋದಲ್ಲಿ 879ರಲ್ಲಿ ಪೂರ್ಣಗೊಂಡ ಇಬ್ನು ತೂಲೂನ್ ಮಸೀದಿಯ ತುಂಬ ಇಂಥ ಕಮಾನುಗಳಿವೆ. ಫ್ರಾನ್ಸಿನ ಕ್ಲೂನಿ ಮಠದಲ್ಲಿ 1088ರಲ್ಲಿ ಆರಂಭವಾದ ಮಹಾ ಚರ್ಚಿನಲ್ಲೂ ಅವು ಬಂದವು. ಆ ಚರ್ಚಿಗೆ ಹಣ ಕೊಟ್ಟವರಲ್ಲಿ ಸ್ಪೇನಿನ ದೊರೆ ಆರನೇ ಅಲ್ಫೋನ್ಸೊ ಮುಖ್ಯ. ಅವನ ಬೊಕ್ಕಸದ ಚಿನ್ನವಾದರೋ ಅಲ್ಲಿನ ಮುಸ್ಲಿಂ ಅರಸರಿಂದ ಪಡೆದ ಕಪ್ಪ! ಲ್ಯಾಟಿನ್ನಿಗೆ ಕುರ್‌ಆನಿನ ಮೊದಲ ಅನುವಾದ ಮಾಡಿಸಿದವನೂ ಕ್ಲೂನಿಯ ಮಠಾಧಿಪತಿ ಪೀಟರನೇ, 1143ರಲ್ಲಿ. ಉದ್ದೇಶ ಖಂಡನೆ. ಆದರೂ ಖಂಡಿಸುವುದಕ್ಕೆ ಓದಬೇಕಾಯಿತಲ್ಲ. ಇನ್ನು ಸಿಸಿಲಿಯಲ್ಲಿ ನಾರ್ಮನ್ ದೊರೆಗಳ ಅರಮನೆ ಚರ್ಚಿನ ಚಾವಣಿಯ ಮೇಲೆ ಅರಬಿ ಬರಹವೇ ಇದೆ.

ಇಷ್ಟರಿಂದ ‘ಕದ್ದರು’ ಎನ್ನಬಹುದೇ? ಶೀರ್ಷಿಕೆಯಲ್ಲಿ ವ್ಯಂಗ್ಯವಿದೆಯೆಂದೇ ಇಟ್ಟುಕೊಳ್ಳೋಣ. ಆದರೆ ಲೇಖಕಿ ಹಲವೆಡೆ ಹೋಲಿಕೆಯನ್ನೇ ಸಾಕ್ಷಿಯಾಗಿ ಹಿಡಿಯುತ್ತಾರೆ. ಕೊರ್ಡೋವದ ಮಸೀದಿಯ ಗುಮ್ಮಟಗಳಲ್ಲಿ 960ರ ದಶಕದಲ್ಲೇ ಪಕ್ಕೆಲುಬಿನಂಥ ಕಲ್ಲಿನ ಪಟ್ಟಿಗಳು ಬಂದದ್ದು ನಿಜ. ಅಲ್ಲಿ ಅವು ಒಂದನ್ನೊಂದು ಹೆಣೆದುಕೊಂಡು ನಡುವನ್ನು ತೆರವು ಬಿಡುತ್ತವೆ. ಇಂಗ್ಲೆಂಡಿನ ಡರಮ್ ಚರ್ಚಿನಲ್ಲಿ (1093-1133) ಚಾವಣಿಯ ನಟ್ಟನಡುವೆಯೇ ಸಂಧಿಸುತ್ತವೆ. ಕಲ್ಲುಕುಟಿಗ ಯೋಚಿಸಿದ ರೀತಿಯೇ ಬೇರೆ. ಹಿಂದಕ್ಕೆ ಹೋದರೆ ಸಿರಿಯಾದ ಕಸ್ರ್ ಇಬ್ನ್ ವರ್ದಾನಿನಲ್ಲಿ ಇಸ್ಲಾಮಿಗೂ ಮೊದಲು, ಆರನೇ ಶತಮಾನದಲ್ಲಿ, ಕ್ರೈಸ್ತರು ತುಸು ಚೂಪಾದ ಕಮಾನು ಕಟ್ಟಿದ್ದರು. ಹಾಗಾದರೆ ಮುಸ್ಲಿಮರು ಕದ್ದರೇ?

ಪ್ಯಾರಿಸ್ ಸಮೀಪದ ಸೇಂಟ್ ಡೆನಿಸ್ ಮಠಾಧಿಪತಿ ಸುಜೇರ್ 1140ರಿಂದ 1144ರ ನಡುವೆ ತನ್ನ ಚರ್ಚಿನ ಪೂರ್ವಭಾಗವನ್ನು ಹೊಸದಾಗಿ ಕಟ್ಟಿಸಿದ. ಗಾಥಿಕ್ ಶುರುವಾದದ್ದು ಅಲ್ಲಿಂದ ಎಂಬುದು ರೂಢಿಯ ಮಾತು. ಅವನಿಗೆ ಬೇಕಿದ್ದುದು ಬೆಳಕು, ಬಣ್ಣದ ಗಾಜಿನಲ್ಲಿ ಇಳಿದು ಬರುವ ದೇವರ ಬೆಳಕು. ಚೂಪು ಕಮಾನು ಮತ್ತು ಪಕ್ಕೆಲುಬಿನ ಚಾವಣಿ ಅಲ್ಲಿ ಜೊತೆಗೂಡಿದವು. ಮುಂದೆ ಗೋಡೆಯನ್ನು ಹೊರಗಿನಿಂದ ಆನಿಸಿ ಹಿಡಿಯುವ ಕಮಾನುಗಳು ಸೇರಿಕೊಂಡವು. ಭಾರ ಹೊರುವ ಕೆಲಸ ತಪ್ಪಿದ ಗೋಡೆ ಗಾಜಾಯಿತು. 1194ರ ಬೆಂಕಿಯ ನಂತರ ಶಾರ್ತ್ರ್ ಚರ್ಚ್ ಎದ್ದದ್ದು ಹೀಗೆ. ಬೋವೆಯಲ್ಲಿ ಸುಮಾರು 48 ಮೀಟರ್ ಎತ್ತರಕ್ಕೆ ಹೋದ ಚಾವಣಿ 1284ರಲ್ಲಿ ಕುಸಿದುಬಿತ್ತು. ನಕಲು ಮಾಡುವವನು ಅಷ್ಟು ಅಪಾಯಕ್ಕೆ ಕೈ ಹಾಕುವುದಿಲ್ಲ. ಸಾಲುಸಾಲಾಗಿ ನಿಲ್ಲುವ ನಮಾಝಿಗಾಗಿ ಮಸೀದಿ ಅಗಲಕ್ಕೆ ಹರಡಿತು, ಅದಕ್ಕೆ ಈ ಎತ್ತರ ಬೇಕಿರಲಿಲ್ಲ.

ಸುಜೇರ್ ತನ್ನ ನಿರ್ಮಾಣದ ಬಗ್ಗೆ ವಿವರವಾಗಿ ಬರೆದಿಟ್ಟ, ಮೇಸ್ತ್ರಿಯ ಹೆಸರು ಮಾತ್ರ ಬರೆಯಲಿಲ್ಲ. ಎರಡನೇ ಶಿಲುಬೆ ಯುದ್ಧಕ್ಕೆಂದು ದೊರೆ ಏಳನೇ ಲೂಯಿ 1147ರಲ್ಲಿ ಪೂರ್ವಕ್ಕೆ ಹೊರಟಾಗ ಫ್ರಾನ್ಸಿನ ಆಡಳಿತ ನೋಡಿಕೊಂಡವನೂ ಇವನೇ. ಆ ಸೈನ್ಯ ಮುತ್ತಿಗೆ ಹಾಕಿದ್ದು ದಮಾಸ್ಕಸ್ಸಿಗೆ.

ಪಶ್ಚಿಮಕ್ಕೆ ಹೋದ ಚೂಪು ಕಮಾನು ಪೂರ್ವಕ್ಕೂ ಬಂತು. 1367ರ ಕಲಬುರಗಿ ಕೋಟೆಯ ಜಾಮಿಯಾ ಮಸೀದಿಯ ಒಳಗೆ ನಿಂತರೆ ಅದರ ಸಾಲುಗಳು ಕಾಣುತ್ತವೆ. ಬಹಮನಿಗಳು ಇದನ್ನು ಇರಾನಿನಿಂದ ಕದ್ದರೆಂದು ಇದುವರೆಗೆ ಯಾರೂ ಹೇಳಿದ್ದು ನಾನು ಕೇಳಿಲ್ಲ.