‘ಉರಿಯೂತ’ವೆಂಬ ಶಬ್ದ: ಸ್ವಲೀನತೆಯ ಸಂಶೋಧನೆಯನ್ನು ಕುರಿತು ಒಂದು ಪರಾಮರ್ಶೆ

ವೈದ್ಯಕೀಯ ಪ್ರಬಂಧವನ್ನು ಸಾಹಿತ್ಯದ ವಿಮರ್ಶಕನು ಓದಬಹುದೆ? ಚಿಕಿತ್ಸೆಯ ವಿಷಯದಲ್ಲಿ ತೀರ್ಪು ನೀಡುವ ಅಧಿಕಾರ ಅವನಿಗಿಲ್ಲವೆಂಬುದು ನಿರ್ವಿವಾದ. ಆದರೆ ಬರಹವೊಂದು ಆಧಾರಸಹಿತವಾಗಿ ತೋರಿಸಿರುವುದೆಷ್ಟು, ಅದರ ಶಬ್ದಗಳು ಓದುಗನನ್ನು ಕರೆದೊಯ್ಯುವುದು ಎಷ್ಟು ದೂರಕ್ಕೆ ಎಂದು ಅಳೆಯುವುದು ಅವನ ಕಸುಬೇ ಆಗಿದೆ. ಸ್ವಲೀನತೆ, ಅಂದರೆ ಆಟಿಸಂ, ಇರುವ ಮಕ್ಕಳ ಮಿದುಳಿನಲ್ಲಿ ‘ಉರಿಯೂತ’ವಿದೆಯೆಂಬ ಮಾತು ನಮ್ಮ ಮನೆಗಳಲ್ಲಿಯೂ ಕೇಳಿಬರುತ್ತಿರುವಾಗ ಅದರ ಮೂಲವನ್ನು ನೋಡಬೇಕಾಗಿದೆ.

ಆ ಮಾತಿಗೆ ಬಲ ತಂದುಕೊಟ್ಟದ್ದು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಡಯಾನಾ ವರ್ಗಾಸ್, ಕಾರ್ಲೋಸ್ ಪಾರ್ಡೋ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಬಂಧ. ಆಟಿಸಂ ಇದ್ದು ತೀರಿಕೊಂಡ 11 ಮಂದಿಯ ಮಿದುಳಿನ ಅಂಗಾಂಶವನ್ನು ಅವರು ಪರೀಕ್ಷಿಸಿದರು. ಮೈಕ್ರೋಗ್ಲಿಯಾ, ಆಸ್ಟ್ರೋಗ್ಲಿಯಾ ಎಂಬ ಪೋಷಕ ಕೋಶಗಳು, ವಿಶೇಷವಾಗಿ ಕಿರುಮಿದುಳಿನಲ್ಲಿ, ಉದ್ರೇಕಗೊಂಡಿದ್ದುದು ಕಂಡುಬಂದಿತು. ಇದು ಉಪೇಕ್ಷಿಸತಕ್ಕ ಕೆಲಸವಲ್ಲ. ಅದೇ ವಿಶ್ವವಿದ್ಯಾಲಯದ ಲಿಯೋ ಕ್ಯಾನರ್ 1943ರಲ್ಲಿ ಈ ಸ್ಥಿತಿಯನ್ನು ಮೊದಲು ವಿವರವಾಗಿ ಚಿತ್ರಿಸಿದಾಗ ಅವರ ಮುಂದೆ ಇದ್ದವರೂ 11 ಮಕ್ಕಳೇ. ಸಂಖ್ಯೆಯ ಸಾಮ್ಯ ಆಕಸ್ಮಿಕ. ಸಾಕ್ಷ್ಯದ ಭೇದ ಮಾತ್ರ ದೊಡ್ಡದು. ಕ್ಯಾನರರ ಮಕ್ಕಳು ಹಾಡು ಒಪ್ಪಿಸುತ್ತಾರೆ, ಹಟ ಹಿಡಿಯುತ್ತಾರೆ, ಬೆಳೆಯುತ್ತಾರೆ. ಇಲ್ಲಿರುವುದು ಮರಣಾನಂತರದ ಅಂಗಾಂಶ. ಅದೂ ಎಲ್ಲವೂ ಮಕ್ಕಳದಲ್ಲ. ಕಾದಂಬರಿಯ ಕೊನೆಯ ಪುಟ ಮಾತ್ರ ಕೈಗೆ ಸಿಕ್ಕಿದಂತೆ. ಉದ್ರೇಕವು ಆಟಿಸಂಗೆ ಕಾರಣವೋ, ಪರಿಣಾಮವೋ, ಬರಿಯ ಸಹಚರವೋ ಎಂದು ಆ ಪುಟ ಹೇಳಲಾರದು.

ಇನ್ನು ಶಬ್ದದ ವಿಷಯ. ಕೆಂಪು, ಊತ, ಬಿಸಿ, ನೋವು ಎಂದು ರೋಮಿನ ಸೆಲ್ಸಸ್ ಹೇಳಿದ ನಾಲ್ಕು ಲಕ್ಷಣಗಳಲ್ಲಿ ಎರಡನ್ನು ನಮ್ಮ ‘ಉರಿಯೂತ’ ತನ್ನ ಹೆಸರಿನಲ್ಲಿಯೇ ಹೊತ್ತಿದೆ. ಗಾಯಕ್ಕೆ, ಕೀಲಿಗೆ ಅದು ಒಪ್ಪುವ ಪದ. ಆದರೆ ಆ ಪ್ರಬಂಧದ ಮಿದುಳುಗಳಲ್ಲಿ ರಕ್ತದಿಂದ ನುಗ್ಗಿಬಂದ ಲಿಂಫೋಸೈಟುಗಳು ಕಾಣಿಸಲಿಲ್ಲ. ಕಂಡದ್ದು ಮಿದುಳಿನ ಸ್ವಂತ ಕೋಶಗಳ ಬದಲಾವಣೆ. ಅಲ್ಲದೆ ಬೆಳೆಯುವ ಮಿದುಳಿನಲ್ಲಿ ಹೆಚ್ಚುವರಿ ನರಸಂಧಿಗಳನ್ನು ಸವರಿ ತೆಗೆಯುವುದು ಮೈಕ್ರೋಗ್ಲಿಯಾಗಳ ದಿನನಿತ್ಯದ ಕೆಲಸ. ಕುಡುಗೋಲು ಹಿಡಿದವರೆಲ್ಲ ಕಾದಾಟಕ್ಕೆ ಹೊರಟವರೆ? ಕನ್ನಡದ ತಾಯಿಗೆ ಈ ಸೂಕ್ಷ್ಮ ಮುಟ್ಟುವುದಿಲ್ಲ. ಮಗುವಿನ ತಲೆಯೊಳಗೆ ಬೆಂಕಿ ಹತ್ತಿದೆಯೆಂದೇ ಆಕೆಗೆ ಕೇಳಿಸುತ್ತದೆ. (‘ಸ್ವಲೀನತೆ’ ಎಂಬ ಪದವೂ ನಿರ್ದೋಷವಲ್ಲ. ‘ಲೀನ’ವೆಂದೊಡನೆ ನಮಗೆ ನೆನಪಾಗುವುದು ಭಕ್ತನ ತನ್ಮಯತೆ.)

ನನಗೆ ಇದಕ್ಕಿಂತ ಗಟ್ಟಿಯಾಗಿ ತೋರುವ ಸಾಕ್ಷ್ಯ ಗರ್ಭಾವಸ್ಥೆಯದು. ಅಮೆರಿಕದಲ್ಲಿ 1964ರ ರುಬೆಲ್ಲ ಪಿಡುಗಿನ ತರುವಾಯ, ಗರ್ಭದಲ್ಲಿ ಆ ಸೋಂಕು ತಗಲಿದ್ದ 243 ಮಕ್ಕಳನ್ನು ನ್ಯೂಯಾರ್ಕಿನಲ್ಲಿ ಪರೀಕ್ಷಿಸಿದ ಸ್ಟೆಲ್ಲಾ ಚೆಸ್ 1971ರಲ್ಲಿ 10 ಮಂದಿಯಲ್ಲಿ ಆಟಿಸಂ ಗುರುತಿಸಿದರು; ಅಂದಿನ ಎಣಿಕೆಗೆ ಇದು ಅಸಾಧಾರಣ ಪ್ರಮಾಣ. 1998ರಲ್ಲಿ ಆಂಡ್ರೂ ವೇಕ್‌ಫೀಲ್ಡ್ 12 ಮಕ್ಕಳ ವೃತ್ತಾಂತದಿಂದ ಸಂಶಯಕ್ಕೆ ಗುರಿಮಾಡಿದ್ದು ಆ ರುಬೆಲ್ಲವನ್ನೇ ತಡೆಯುವ ಲಸಿಕೆಯನ್ನು! ‘ಲ್ಯಾನ್ಸೆಟ್’ ಆ ಲೇಖನವನ್ನು 2010ರಲ್ಲಿ ಹಿಂದೆಗೆದುಕೊಂಡಿತು. ಆದರೆ ಗರ್ಭದ ಮಾತನ್ನೂ ಜೋಕೆಯಿಂದ ಆಡಬೇಕು. 1967ರ ತಮ್ಮ ‘ದಿ ಎಂಪ್ಟಿ ಫೋರ್ಟ್ರೆಸ್’ ಗ್ರಂಥದಲ್ಲಿ ಬ್ರೂನೋ ಬೆಟಲ್‌ಹೈಮ್ ತಾಯಿಯ ಮನಸ್ಸನ್ನು ದೂಷಿಸಿದ್ದರು. ಅಂದು ಮನಸ್ಸಿನ ಮೇಲೆ ಹೊರಿಸಿದ ಅಪವಾದವನ್ನು ಇಂದು ತಾಯಿಯ ಜ್ವರದ ಮೇಲೆ ಹೊರಿಸಿದರೆ ನಾವು ಮುಂದುವರಿದಂತಾಗಲಿಲ್ಲ.

2005ರ ಪ್ರಬಂಧವನ್ನು ಮುಂದಿಟ್ಟುಕೊಂಡು ಅಮೆರಿಕದ ಕೆಲವು ವೈದ್ಯರು ಮಕ್ಕಳ ರಕ್ತನಾಳಕ್ಕೆ ಪ್ರತಿಕಾಯಗಳನ್ನು ಏರಿಸಿದರು, ಅಧಿಕ ಒತ್ತಡದ ಆಮ್ಲಜನಕದ ಕೋಣೆಯಲ್ಲಿ ಕೂರಿಸಿದರು. ತಮ್ಮ ಶೋಧವು ಉರಿಯೂತಶಾಮಕ ಔಷಧಿಗಳಿಗೆ ಆಧಾರವಲ್ಲವೆಂದು ಪಾರ್ಡೋ ಅವರ ಪ್ರಯೋಗಶಾಲೆಯೇ ಎಚ್ಚರಿಸಬೇಕಾಯಿತು. ನಮ್ಮಲ್ಲಿ ಉರಿಯೂತವನ್ನು ಶಮನಗೊಳಿಸುತ್ತದೆಂದು ಮಾರಲ್ಪಟ್ಟದ್ದು ಕಾಂಡಕೋಶ ಚಿಕಿತ್ಸೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿ ಆಟಿಸಂಗೆ ಅದನ್ನು ಒಪ್ಪಿತ ಚಿಕಿತ್ಸೆಯೆಂದು ಅಂಗೀಕರಿಸಲಿಲ್ಲ. ಇಂಥ ಚಿಕಿತ್ಸೆಗಾಗಿ ಅವಧಿ ಠೇವಣಿಯನ್ನು ಮುನ್ನವೇ ಮುರಿಸಲು ಬಂದ ತಂದೆಯರನ್ನು ಬ್ಯಾಂಕಿನ ಮೇಜಿನ ಈಚೆಯಿಂದ ನಾನು ಕಂಡಿದ್ದೇನೆ. ಅವರಲ್ಲಿ ಒಬ್ಬರು ಅರ್ಜಿಯ ಕಾರಣದ ಜಾಗದಲ್ಲಿ ಬರೆದದ್ದು ‘ಮಿದುಳಿನ ಉರಿ’ ಎಂದು.

ಅನುವಾದಕರು ಈ ಪ್ರಸಂಗದಲ್ಲಿ ‘ಉರಿಯೂತ’ವನ್ನು ಬಿಟ್ಟು ‘ಮಿದುಳಿನ ರಕ್ಷಕ ಕೋಶಗಳ ಉದ್ರೇಕ’ ಎಂದು ಬರೆಯುವುದು ಲೇಸು. ಪದ ಉದ್ದವಾಯಿತು, ನಿಜ. ಕಂಡದ್ದಕ್ಕಿಂತ ಹೆಚ್ಚಿನದನ್ನು ಅದು ಹೇಳುವುದಿಲ್ಲ.