ದಿಲ್‌ರುಬಾ ನುಡಿಸಿದವರು ಯಾರು?

ನನ್ನ ಸಂಶೋಧನಾ ಪ್ರಬಂಧದ ಕರಡಿನಲ್ಲಿ ಒಂದು ಕಡೆ ‘ಭಾರತೀಯ ವಾದ್ಯಗಳ ಹಿಮ್ಮೇಳವಿದೆ’ ಎಂದು ಬರೆದಿದ್ದೆ. ಬೀಟಲ್ಸ್ ತಂಡದ 1967ರ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಆಲ್ಬಮ್ಮಿನಲ್ಲಿರುವ ‘ವಿದಿನ್ ಯೂ ವಿದೌಟ್ ಯೂ’ ಹಾಡಿನ ಬಗೆಗಿನ ಸಾಲದು. ತಿದ್ದಲು ಕೂತಾಗ ಆ ಸಾಲು ಚುಚ್ಚಿತು. ವಾದ್ಯಗಳು ತಮ್ಮಷ್ಟಕ್ಕೆ ತಾವೇ ನುಡಿಯುವುದಿಲ್ಲವಲ್ಲ!

ಆ ಹಾಡಿನಲ್ಲಿ ಬೀಟಲ್ಸ್‌ನ ನಾಲ್ವರ ಪೈಕಿ ಇರುವುದು ಜಾರ್ಜ್ ಹ್ಯಾರಿಸನ್ ಒಬ್ಬರೇ. 1967ರ ಮಾರ್ಚ್ 15ರಂದು ಲಂಡನ್ನಿನ ಅಬ್ಬೆ ರೋಡಿನ ಇಎಂಐ ಸ್ಟುಡಿಯೊದಲ್ಲಿ ಅವರ ಜೊತೆ ಕೂತು ನುಡಿಸಿದವರು ಅಣ್ಣಾ ಜೋಶಿ, ಅಮೃತ್ ಗಜ್ಜರ್, ಬುದ್ಧದೇವ್ ಕಂಸಾರಾ ಮತ್ತು ನಟ್ವರ್ ಸೋನಿ. ಮೊದಲಿಬ್ಬರದು ದಿಲ್‌ರುಬಾ, ಕಂಸಾರಾ ಅವರದು ತಂಬೂರಿ, ಸೋನಿಯವರದು ತಬಲಾ. ಈ ಹೆಸರುಗಳು ಓದುಗರಿಗೆ ಸಿಗಲು ಸುಮಾರು ಐವತ್ತು ವರ್ಷ ಬೇಕಾಯಿತು.

ಹೊದಿಕೆಯಲ್ಲಿ ಜಾಗವಿರಲಿಲ್ಲವೆಂದು ಹೇಳುವಂತಿಲ್ಲ. ಮುಂಬದಿಯಲ್ಲಿ ಐವತ್ತಕ್ಕೂ ಹೆಚ್ಚು ಮುಖಗಳಿವೆ. ಪರಮಹಂಸ ಯೋಗಾನಂದರೂ ಸೇರಿದಂತೆ ನಾಲ್ವರು ಭಾರತೀಯ ಗುರುಗಳು ಅಲ್ಲಿದ್ದಾರೆ. ಗಾಂಧಿಯ ಚಿತ್ರವೂ ಇತ್ತು. ಭಾರತದಲ್ಲಿ ಜನ ನೊಂದುಕೊಂಡಾರು ಎಂಬ ಅಂಜಿಕೆಯಿಂದ ಇಎಂಐ ಅದನ್ನು ತೆಗೆಸಿತು. ಹಿಂಬದಿಯಲ್ಲಿ ಎಲ್ಲ ಹಾಡುಗಳ ಸಾಹಿತ್ಯವನ್ನು ಅಚ್ಚು ಹಾಕಲಾಯಿತು. ಇಷ್ಟೆಲ್ಲ ಎಚ್ಚರದ ನಡುವೆ, ಲಂಡನ್ನಿನಲ್ಲೇ ಇದ್ದು ತಮ್ಮ ಸ್ಟುಡಿಯೊಕ್ಕೇ ಬಂದು ನುಡಿಸಿ ಹೋದ ನಾಲ್ವರ ಹೆಸರು ಹಾಕಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಅದು ಆ ಕಾಲದ ರೂಢಿ ಎಂದು ವಾದಿಸಬಹುದು. ವಾದದಲ್ಲಿ ಹುರುಳಿದೆ. ಅಮೆರಿಕದ ಬರ್ಡ್ಸ್ ತಂಡದ 1965ರ ‘ಮಿಸ್ಟರ್ ಟ್ಯಾಂಬುರಿನ್ ಮ್ಯಾನ್’ ಹಾಡಿನಲ್ಲಿ ತಂಡದವರ ಪೈಕಿ ವಾದ್ಯ ಹಿಡಿದದ್ದು ರಾಜರ್ ಮೆಕ್‌ಗಿನ್ ಒಬ್ಬರೇ. ಡ್ರಮ್ಸ್ ಹ್ಯಾಲ್ ಬ್ಲೇನ್ ಅವರದು, ಬೇಸ್ ಲ್ಯಾರಿ ನೆಕ್ಟೆಲ್ ಅವರದು. ಸ್ಟುಡಿಯೊ ಕಲಾವಿದರೆಂದರೆ ಬಂದು, ನುಡಿಸಿ, ಗೊತ್ತುಪಡಿಸಿದ ಸಂಭಾವನೆ ಪಡೆದು ಹೋಗುವವರು. ‘ವಿದಿನ್ ಯೂ’ ಹಾಡಿಗೆ ಆಮೇಲೆ ಪಿಟೀಲು, ಚೆಲ್ಲೊ ನುಡಿಸಿದ ಹನ್ನೊಂದು ಜನರ ಹೆಸರೂ ಹೊದಿಕೆಯಲ್ಲಿಲ್ಲ. ಆದರೆ ಮಾರ್ಕ್ ಲೂಯಿಸೊನ್ ಅವರು ಬೀಟಲ್ಸ್ ಧ್ವನಿಮುದ್ರಣಗಳ ದಿನಚರಿಯನ್ನು 1988ರಲ್ಲಿ ಪ್ರಕಟಿಸಿದಾಗ ಆ ಹನ್ನೊಂದು ಹೆಸರುಗಳೂ ಅದರಲ್ಲಿ ಬಂದವು, ದಿಲ್‌ರುಬಾದವರದು ಬರಲಿಲ್ಲ. ಅಂದರೆ ರೂಢಿಯೊಳಗೂ ಒಂದು ಪಂಕ್ತಿಭೇದವಿತ್ತು.

ಹೆಸರು ಹಾಕುವುದು ಅವರಿಗೆ ಗೊತ್ತಿಲ್ಲದ ಸಂಗತಿಯೂ ಅಲ್ಲ. ಹಿಂದಿನ ವರ್ಷದ ‘ರಿವಾಲ್ವರ್’ ಆಲ್ಬಮ್ಮಿನ ಮೇಲೆ ತಬಲಾ ನುಡಿಸಿದ ಅನಿಲ್ ಭಾಗವತರ ಹೆಸರಿದೆ. ಅವರನ್ನು ಫೋನ್ ಮಾಡಿ ಕರೆದದ್ದು ಲಂಡನ್ನಿನ ಏಷ್ಯನ್ ಮ್ಯೂಸಿಕ್ ಸರ್ಕಲ್ಲಿನ ಅಯನ ಅಂಗಡಿ. ಉತ್ತರ ಕರ್ನಾಟಕದ ಜಕನೂರಿನಲ್ಲಿ ಹುಟ್ಟಿದ ಈ ಕನ್ನಡಿಗ, ಪತ್ನಿ ಪೆಟ್ರೀಷಿಯಾ ಜೊತೆ 1946ರಲ್ಲಿ ಆ ಸಂಸ್ಥೆ ಕಟ್ಟಿದವರು. ‘ಸಾರ್ಜೆಂಟ್ ಪೆಪ್ಪರ್’ಗೆ ವಾದಕರು ಬಂದದ್ದೂ ಆ ಸರ್ಕಲ್ಲಿನ ಬಳಗದಿಂದಲೇ.

ಹೆಸರಿಲ್ಲದ್ದರಿಂದ ಆ ವಾದಕರಿಗೆ ಆದ ನಷ್ಟ ಒಂದು ಬಗೆಯದು. ನಾನು ಹೇಳಬೇಕೆಂದಿರುವುದು ಕೇಳುಗರಿಗೆ ಆದ ನಷ್ಟದ ಮಾತು. ಈ ಹಾಡಿನ ಬಗ್ಗೆ ಬರೆಯುವಾಗಲೆಲ್ಲ ನಾವು ಹ್ಯಾರಿಸನ್ನರ ಅಧ್ಯಾತ್ಮದ ಹುಡುಕಾಟ, ಪೂರ್ವ-ಪಶ್ಚಿಮಗಳ ಸಮಾಗಮ ಎನ್ನುತ್ತೇವೆ. ದಿಲ್‌ರುಬಾ ಕೇಳಿದರೆ ‘ಭಾರತ’ ಕೇಳಿಸಿತು ಎನ್ನುತ್ತೇವೆ. ಒಬ್ಬ ವ್ಯಕ್ತಿಯ ಕಮಾನು, ಬೆರಳು, ಅಭ್ಯಾಸ ಯಾವುದೂ ಕಿವಿಗೆ ಬೀಳುವುದಿಲ್ಲ. ಒಂದು ದೇಶವೇ ಪರದೆಯಂತೆ ಹಿಂದೆ ತೂಗುತ್ತಿರುತ್ತದೆ.

ಹೆಸರು ತಿಳಿದ ಮೇಲೆ ಆ ಹಾಡನ್ನು ಮತ್ತೆ ಕೇಳಿದೆ. ಖಯಾಲ್ ಗಾಯನದಲ್ಲಿ ಸಾರಂಗಿ ಮಾಡುವಂತೆ ದಿಲ್‌ರುಬಾ ಇಲ್ಲಿ ಗಾಯಕನ ಬೆನ್ನಿಗೇ ನಡೆಯುತ್ತದೆ. ನಡುವೆ ಲಯ ಹತ್ತು ಮಾತ್ರೆಗೆ ತಿರುಗಿದಾಗ ಸಿತಾರಿನ ಜೊತೆ ಸವಾಲ್-ಜವಾಬಿಗೆ ಇಳಿಯುತ್ತದೆ. ರಾಗದ ಧಾಟಿ ಹ್ಯಾರಿಸನ್ನರದು, ಒಪ್ಪೋಣ. ಆದರೆ ಸ್ವರದಿಂದ ಸ್ವರಕ್ಕೆ ಜಾರುವ ಆ ಮೀಂಡ್‌ನ ತೂಕ ನುಡಿಸುವವನ ಕೈಯದು. ಏಪ್ರಿಲ್‌ನಲ್ಲಿ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅದೇ ಜಾರುವಿಕೆಯನ್ನು ಸ್ವರಲಿಪಿಗೆ ಇಳಿಸಿ ಪಾಶ್ಚಾತ್ಯ ಪಿಟೀಲುಗಾರರಿಂದ ನುಡಿಸಲು ಹೆಣಗಬೇಕಾಯಿತು. ಹಾಗಾಗಿ ಜೋಶಿ ಮತ್ತು ಗಜ್ಜರರ ಕೈ ಈ ಹಾಡಿನಲ್ಲಿ ಎರಡು ಸಲ ಕೇಳುತ್ತದೆ: ಒಮ್ಮೆ ಅವರದೇ ದಿಲ್‌ರುಬಾದಲ್ಲಿ, ಇನ್ನೊಮ್ಮೆ ಅವರನ್ನು ಅನುಸರಿಸುವ ಪಿಟೀಲುಗಳಲ್ಲಿ. ಹಿಮ್ಮೇಳವೆಂದು ನಾನು ಕರೆದದ್ದು ಹಾಡಿನ ಮಾದರಿಯೇ ಆಗಿತ್ತು.

ನನ್ನ ಸಾಲನ್ನು ತಿದ್ದಿದ್ದೇನೆ. ನಾಲ್ಕು ಹೆಸರುಗಳನ್ನೂ ಅಡಿಟಿಪ್ಪಣಿಗೆ ತಳ್ಳದೆ ವಾಕ್ಯದೊಳಗೇ ಇಟ್ಟಿದ್ದೇನೆ. ವಾಕ್ಯ ಸ್ವಲ್ಪ ಉದ್ದವಾಯಿತು, ಓದುವಾಗ ಎಡವುತ್ತದೆ. ಎಡವಲಿ.